ಟ್ರೋಲ್ ಎಂದು ಕರೆದರೆ ಅಪಹಾಸ್ಯ ಹಲಾಲ್ ಆಗುವುದೇ?

‘ಟ್ರೋಲ್’ ಎಂಬ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಗೇಲಿ ಎನ್ನೋಣವೇ, ಲೇವಡಿ ಎನ್ನೋಣವೇ, ಅಣಕ ಎನ್ನೋಣವೇ? ಕುಚೋದ್ಯ, ಕುಹಕ, ಮೂದಲಿಕೆ, ವ್ಯಂಗ್ಯ, ವಿಡಂಬನೆ, ಪರಿಹಾಸ, ಅಪಹಾಸ್ಯ- ಹೀಗೆ ನಗುವಿನ ಒಂದೊಂದು ಬಗೆಗೂ ಒಂದೊಂದು ಪದವನ್ನು ಕಾಪಿಟ್ಟುಕೊಂಡಿರುವ ಭಾಷೆ ನಮ್ಮದು. ಆದ್ದರಿಂದ ಪದದ ಕೊರತೆಯಿಂದಾಗಿ ನಾವು ಈ ಪದವನ್ನು ಎರವಲು ಪಡೆದೆವು ಎನ್ನುವಂತಿಲ್ಲ. ಹಾಗಿದ್ದೂ ಇಂದು ಪತ್ರಿಕೆಗಳ ಶೀರ್ಷಿಕೆಗಳಲ್ಲಿ, ಟಿ.ವಿ. ವಾಹಿನಿಗಳ ಚರ್ಚೆಗಳಲ್ಲಿ, ನಮ್ಮ ಮನೆಯ ಮಕ್ಕಳ ನಾಲಿಗೆಯಲ್ಲಿ ಈ ಎಲ್ಲ ಪದಗಳನ್ನೂ ಬದಿಗೊತ್ತಿ ಟ್ರೋಲ್ ಎಂಬ ಒಂದೇ ಪದ ವಿರಾಜಿಸುತ್ತಿದೆ. ಏಕೆ?

ಕಾರಣ ಸರಳವಾಗಿದೆ. ನಮ್ಮ ಪದಗಳಿಗೆ ತೂಕವಿದೆ. ‘ನಾನು ಅವರನ್ನು ಅಪಹಾಸ್ಯ ಮಾಡಿದೆ’ ಎಂದು ಹೇಳುವಾಗ ಎಂಥವನ ನಾಲಿಗೆಯೂ ಒಂದು ಕ್ಷಣ ತಡವರಿಸುತ್ತದೆ. ಯಾಕೆಂದರೆ ಆ ಪದದೊಳಗೆ ತಪ್ಪಿನ ಒಪ್ಪಿಗೆಯಿದೆ. ಆದರೆ ‘ಟ್ರೋಲ್ ಮಾಡಿದೆ’ ಎನ್ನುವಾಗ ಅಂಥ ಯಾವ ತಡೆಯೂ ಇರುವುದಿಲ್ಲ. ಅದೊಂದು ಆಟದಂತೆ, ಕಸುಬಿನಂತೆ, ಕೆಲವೊಮ್ಮೆ ಪ್ರತಿಭೆಯಂತೆಯೂ ಕೇಳಿಸುತ್ತದೆ. ಅನ್ಯಭಾಷೆಯ ಪದವೊಂದು ಮಾಡಬಹುದಾದ ಅತಿ ದೊಡ್ಡ ಉಪಕಾರ ಮತ್ತು ಅತಿ ದೊಡ್ಡ ಅಪಕಾರ ಇದುವೇ: ಅದು ಕೃತ್ಯದಿಂದ ನಾಚಿಕೆಯನ್ನು ಕಳಚಿಬಿಡುತ್ತದೆ.

ಅಷ್ಟಕ್ಕೂ ಈ ಪದ ಎಲ್ಲಿಂದ ಬಂತು? ಸ್ಕ್ಯಾಂಡಿನೇವಿಯಾದ ಜನಪದ ಕತೆಗಳಲ್ಲಿ ಟ್ರೋಲ್ ಎಂಬ ವಿಕಾರ ಜೀವಿಯೊಂದಿದೆ. ಬೆಟ್ಟ ಗುಹೆಗಳಲ್ಲಿ ಅಡಗಿದ್ದು ದಾರಿಹೋಕರನ್ನು ಪೀಡಿಸುವುದು ಅದರ ಕೆಲಸ. ಇಂಗ್ಲಿಷಿನಲ್ಲಿ ಇದೇ ಉಚ್ಚಾರದ ಇನ್ನೊಂದು ಪದವೂ ಇದೆ. ಅದು ಮೀನುಗಾರಿಕೆಗೆ ಸಂಬಂಧಿಸಿದ್ದು. ದೋಣಿಯ ಹಿಂದಕ್ಕೆ ಎರೆ ಸಿಕ್ಕಿಸಿದ ಗಾಳದ ದಾರವನ್ನು ಇಳಿಬಿಟ್ಟು ನಿಧಾನವಾಗಿ ಸಾಗುವುದು ಮತ್ತು ಎರೆಗೆ ಮರುಳಾದ ಮೀನನ್ನು ಎಳೆದುಕೊಳ್ಳುವುದು ಅದರ ಅರ್ಥ. 1990ರ ದಶಕದ ಆರಂಭದಲ್ಲಿ, ಇಂಟರ್ನೆಟ್ ಇನ್ನೂ ಕೆಲವರ ಸೊತ್ತಾಗಿದ್ದಾಗ, ಅಲ್ಲಿನ ಚರ್ಚಾಕೂಟಗಳಿಗೆ ಹೊಸದಾಗಿ ಬಂದವರನ್ನು ಕೆಣಕಲಿಕ್ಕಾಗಿ ಹಳಬರು ಬೇಕೆಂದೇ ಹುಸಿ ಪ್ರಶ್ನೆಗಳನ್ನು ತೇಲಿಬಿಡುತ್ತಿದ್ದರು. ಹೊಸಬ ಸಿಟ್ಟಿಗೆದ್ದು ಉತ್ತರಿಸಿದರೆ ಗಾಳಕ್ಕೆ ಮೀನು ಬಿತ್ತೆಂದು ಅರ್ಥ. ಹೀಗೆ ಮೀನುಗಾರನ ಪದ ಇಂಟರ್ನೆಟ್ಟಿಗೆ ಬಂತು. ಮುಂದೆ ಕಂಪ್ಯೂಟರಿನ ಹಿಂದೆ ಅಡಗಿ ಕೂತವನಿಗೂ ಗುಹೆಯ ಆ ವಿಕಾರ ಜೀವಿಗೂ ಸಾಮ್ಯ ಕಂಡುಬಂದು ಎರಡು ಅರ್ಥಗಳೂ ಬೆಸೆದುಕೊಂಡವು.

ಕಡಲ ತಡಿಯಲ್ಲಿ ಬದುಕುವ ನಮಗೆ ಈ ಅರ್ಥವನ್ನು ಬೇರೆ ಯಾರೂ ವಿವರಿಸಬೇಕಿಲ್ಲ. ಮಂಗಳೂರಿನ ಧಕ್ಕೆಯಲ್ಲಿ ಗಾಳವೂ ಗೊತ್ತು, ಬಲೆಯೂ ಗೊತ್ತು. ಟ್ರಾಲ್ ಬೋಟ್ ಎಂದು ನಾವು ಕರೆಯುವುದು ಗಾಳದ ದೋಣಿಯನ್ನಲ್ಲ, ಬಲೆಯನ್ನು ಎಳೆದುಕೊಂಡು ಸಾಗುವ ಬೋಟನ್ನು. ನೆರೆಯ ಕೇರಳದಲ್ಲಂತೂ ಮಳೆಗಾಲದ ಮೀನುಗಾರಿಕಾ ನಿಷೇಧವನ್ನು ‘ಟ್ರೋಲಿಂಗ್ ನಿರೋಧನಂ’ ಎಂದೇ ಕರೆಯುತ್ತಾರೆ. ಎರಡು ಬೇರೆ ಬೇರೆ ಪದಗಳು ಅಲ್ಲಿ ಒಂದೇ ಆಗಿಬಿಟ್ಟಿವೆ. ವಿಚಿತ್ರವೆಂದರೆ, ಇಂದಿನ ಟ್ರೋಲ್‌ನ ಸ್ವರೂಪಕ್ಕೆ ಈ ತಪ್ಪು ಬಳಕೆಯೇ ಹೆಚ್ಚು ಒಪ್ಪುತ್ತದೆ. ಗಾಳಕ್ಕೆ ಬೀಳುವುದು ಒಂದು ಮೀನು ಮಾತ್ರ. ಬಲೆಯಾದರೋ ತಳವನ್ನು ಕೆರೆದುಕೊಂಡು ಹೋಗುತ್ತದೆ. ದೊಡ್ಡ ಮೀನಿನ ಜೊತೆ ಮರಿಗಳನ್ನೂ, ಬೇಡದ್ದನ್ನೂ ಎಳೆದು ತರುತ್ತದೆ. ಅದಕ್ಕಾಗಿಯೇ ತಾನೇ, ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯದಿರುವುದು? ಮೀನಿನ ಸಂತತಿಗೂ ಉಸಿರಾಡಲು ಎರಡು ತಿಂಗಳ ಬಿಡುವು ಬೇಕೆಂದು ಒಪ್ಪಿಕೊಂಡ ಸಮಾಜ, ಮನುಷ್ಯನ ಮಾನಕ್ಕೆ ಒಂದು ದಿನದ ಬಿಡುವನ್ನೂ ಕೊಡಲು ಸಿದ್ಧವಿಲ್ಲ ಎಂದರೆ ಏನರ್ಥ?

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಈ ಪದದಲ್ಲಿ ಇನ್ನೊಂದು ಬದಲಾವಣೆಯೂ ಆಗಿದೆ. ಇಂಗ್ಲಿಷಿನಲ್ಲಿ ಟ್ರೋಲ್ ಎಂದರೆ ಮುಖ್ಯವಾಗಿ ಕೆಣಕುವ ವ್ಯಕ್ತಿ. ಅದು ಬೈಗುಳದಂಥ ಪದ. ಕನ್ನಡದಲ್ಲಿ ಆ ವ್ಯಕ್ತಿ ಮಾಯವಾಗಿದ್ದಾನೆ. ‘ಸಚಿವರು ಟ್ರೋಲ್ ಆದರು’, ‘ನಟಿ ಟ್ರೋಲ್‌ಗೆ ಗುರಿಯಾದರು’ ಎಂಬ ಶೀರ್ಷಿಕೆಗಳನ್ನು ಗಮನಿಸಿ. ಮಳೆಗೆ ಮರ ಉರುಳಿದಂತೆ, ರಸ್ತೆಯಲ್ಲಿ ಅಪಘಾತವಾದಂತೆ ಇದೂ ತಾನಾಗಿಯೇ ಆಗಿಬಿಟ್ಟಿತು ಎಂಬ ಭಾವನೆಯನ್ನು ಈ ವಾಕ್ಯರಚನೆ ಹುಟ್ಟಿಸುತ್ತದೆ. ಮಾಡಿದವರು ಯಾರು? ಹೆಚ್ಚೆಂದರೆ ‘ನೆಟ್ಟಿಗರು’. ಅವರಿಗೆ ಹೆಸರಿಲ್ಲ, ಊರಿಲ್ಲ, ಮುಖವಿಲ್ಲ. ಕರ್ತೃವಿಲ್ಲದ ಕೃತ್ಯಕ್ಕೆ ಹೊಣೆಗಾರರೂ ಇರುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹಾಗಂತ, ನಗುವೇ ತಪ್ಪು ಎಂದು ನಾವು ವಾದಿಸುತ್ತಿಲ್ಲ. ನಗುವನ್ನು ಕಳಕೊಂಡ ಸಮಾಜ ಸರ್ವಾಧಿಕಾರಕ್ಕೆ ಬೇಗನೇ ಶರಣಾಗುತ್ತದೆ. ಒಂಬತ್ತನೇ ಶತಮಾನದ ಬಸ್ರಾದಲ್ಲಿ ಅಲ್ ಜಾಹಿಝ್ ಜಿಪುಣರ ಕುರಿತಾಗಿಯೇ ಒಂದು ಗ್ರಂಥ ಬರೆದರು. ಬ್ರಿಟಿಷರ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಅಕ್ಬರ್ ಇಲಾಹಾಬಾದಿ, ಪಾಶ್ಚಾತ್ಯರ ಅಂಧಾನುಕರಣೆಯನ್ನು ತನ್ನ ಉರ್ದು ಕವಿತೆಗಳಲ್ಲಿ ಚುಚ್ಚಿದರು. ಕನ್ನಡದಲ್ಲಿ 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಪತ್ರಿಕೆ ಆರಂಭವಾಯಿತು. ಬೀಚಿಯವರು ನಗಿಸುತ್ತಲೇ ಸಮಾಜದ ಸೋಗಲಾಡಿತನವನ್ನು ಬಯಲಿಗೆಳೆದರು. 1980ರಲ್ಲಿ ಪಿ. ಲಂಕೇಶ್ ಆರಂಭಿಸಿದ ಪತ್ರಿಕೆ ಮುಖ್ಯಮಂತ್ರಿಗಳನ್ನೂ ಬಿಡದೆ ಗೇಲಿ ಮಾಡಿತು. ನಮ್ಮ ಯಕ್ಷಗಾನದ ಹಾಸ್ಯಗಾರನನ್ನೇ ನೋಡಿ. ರಾಜನ ಎದುರಿಗೇ ನಿಂತು ರಾಜನ ದೌರ್ಬಲ್ಯವನ್ನು ಎತ್ತಿ ಆಡುತ್ತಾನೆ. ಇವರೆಲ್ಲರಲ್ಲೂ ಇರುವ ಒಂದು ಸಮಾನ ಅಂಶವೇನೆಂದರೆ, ನಗಿಸಿದವರ ಮುಖ ಎಲ್ಲರಿಗೂ ಕಾಣುತ್ತಿತ್ತು. ತಮ್ಮ ಮಾತಿಗೆ ತಾವೇ ಹೊಣೆ ಎಂದು ಅವರು ಎದೆಗೊಟ್ಟು ನಿಂತಿದ್ದರು.

ಪ್ರವಾದಿವರ್ಯರು(ಸ) ಕೂಡಾ ತಮಾಷೆ ಮಾಡುತ್ತಿದ್ದರು. ಸವಾರಿಗೊಂದು ಒಂಟೆ ಬೇಕೆಂದು ಕೇಳಿ ಬಂದ ವ್ಯಕ್ತಿಗೆ ಅವರು ಒಂಟೆಯ ಮರಿಯನ್ನು ಕೊಡುತ್ತೇನೆ ಎಂದರು. ಮರಿಯನ್ನು ಕಟ್ಟಿಕೊಂಡು ನಾನೇನು ಮಾಡಲಿ ಎಂದು ಆತ ಪೇಚಾಡಿಕೊಂಡ. ಎಷ್ಟೇ ದೊಡ್ಡ ಒಂಟೆಯಾದರೂ ಅದು ಒಂದು ಒಂಟೆಯ ಮರಿಯೇ ಅಲ್ಲವೇ ಎಂದು ಪ್ರವಾದಿಯವರು(ಸ) ನೆನಪಿಸಿದರು. ಈ ತಮಾಷೆಯಲ್ಲಿ ಸುಳ್ಳಿಲ್ಲ. ಕೊನೆಯಲ್ಲಿ ಕೇಳಿದವನೂ ನಗುತ್ತಾನೆ, ಮಾತ್ರವಲ್ಲ, ಒಂಟೆಯನ್ನೂ ಪಡೆಯುತ್ತಾನೆ. ಇದೇ ಪ್ರವಾದಿಯವರ(ಸ) ಮುಂದೆ ಪತ್ನಿ ಆಯಿಶಾ(ರ) ಅವರು ಇನ್ನೋರ್ವ ಪತ್ನಿ ಸಫಿಯ್ಯಾ(ರ) ಅವರ ಗಿಡ್ಡ ದೇಹವನ್ನು ಸೂಚಿಸಿ ಒಂದು ಮಾತನ್ನಾಡಿದಾಗ, ಸಮುದ್ರಕ್ಕೆ ಬೆರೆಸಿದರೆ ಸಮುದ್ರವನ್ನೇ ಕೆಡಿಸಬಲ್ಲಂಥ ಮಾತು ಅದೆಂದು ಅವರು ಎಚ್ಚರಿಸಿದರು. ಒಂದು ದೇಹದ ಎತ್ತರದ ಕುರಿತಾದ ಒಂದೇ ಒಂದು ಮಾತು! ಇವತ್ತು ಒಬ್ಬರ ಬಣ್ಣ, ಹಲ್ಲು, ತೂಕ, ಉಚ್ಚಾರಗಳ ಮೇಲೆ ದಿನವೊಂದಕ್ಕೆ ಎಷ್ಟು ಟ್ರೋಲ್‌ಗಳು ನಮ್ಮ ಮೊಬೈಲಿನ ಮೂಲಕ ಹಾದು ಹೋಗುತ್ತವೆ ಎಂದು ಯಾರಾದರೂ ಲೆಕ್ಕ ಇಟ್ಟಿದ್ದಾರೆಯೇ?

ಅರಬಿ ಭಾಷೆ ಇಲ್ಲಿ ಒಂದು ಸ್ಪಷ್ಟ ಗೆರೆಯನ್ನು ಎಳೆಯುತ್ತದೆ. ಮಿಝಾಹ್ ಎಂದರೆ ತಮಾಷೆ. ಸುಖ್‌ರಿಯ್ಯಾ ಎಂದರೆ ಅಪಹಾಸ್ಯ. ಎದುರಿಗಿರುವವರೂ ಸೇರಿ ನಗುವುದು ಮೊದಲನೆಯದು. ಎದುರಿಗಿರುವವರನ್ನು ಕೆಳಕ್ಕೆ ತಳ್ಳಿ ಉಳಿದವರು ನಗುವುದು ಎರಡನೆಯದು. ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 11ನೇ ಸೂಕ್ತದಲ್ಲಿ ಅಲ್ಲಾಹನು ನಿಷೇಧಿಸಿರುವುದು ಈ ಎರಡನೆಯದನ್ನು. ಒಂದು ಜನಾಂಗ ಇನ್ನೊಂದು ಜನಾಂಗವನ್ನು ಅಪಹಾಸ್ಯ ಮಾಡಬಾರದೆಂದು ಅಲ್ಲಿ ಹೇಳಲಾಗಿದೆ. ಸ್ತ್ರೀಯರನ್ನು ಪ್ರತ್ಯೇಕವಾಗಿ ಹೆಸರಿಸಲಾಗಿದೆ. ಕೆಟ್ಟ ಅಡ್ಡಹೆಸರುಗಳನ್ನು ಬಳಸಬಾರದೆಂದೂ ತಾಕೀತು ಮಾಡಲಾಗಿದೆ. ಇನ್ನೊಬ್ಬರನ್ನು ಚುಚ್ಚಬೇಡಿ ಎನ್ನುವ ಕಡೆ ‘ನಿಮ್ಮನ್ನೇ ನೀವು’ ಎಂಬರ್ಥದ ಪದ ಅಲ್ಲಿದೆ. ಅಂದರೆ, ಇತರರ ಮೇಲೆ ಎಸೆಯುವ ಚೂರಿ ನಮ್ಮದೇ ದೇಹಕ್ಕೆ ತಾಗುತ್ತದೆ ಎಂದು. ಅಪಹಾಸ್ಯ, ಸ್ತ್ರೀ ನಿಂದನೆ, ಅಡ್ಡಹೆಸರು- ಇಂದಿನ ಟ್ರೋಲ್ ಪೇಜುಗಳಿಂದ ಈ ಮೂರನ್ನು ತೆಗೆದುಬಿಟ್ಟರೆ ಮತ್ತೆ ಏನು ಉಳಿಯುತ್ತದೆ?

ಈಗ ನಮ್ಮ ರಾಜ್ಯದ ಕೆಲವು ಉದಾಹರಣೆಗಳನ್ನು ನೋಡೋಣ. 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದ ‘ನಿಖಿಲ್ ಎಲ್ಲಿದ್ದೀಯಪ್ಪ’ ಟ್ರೋಲ್ ಯಾರಿಗೆ ಗೊತ್ತಿಲ್ಲ? 2016ರಲ್ಲಿ ‘ಜಾಗ್ವಾರ್’ ಸಿನಿಮಾದ ಧ್ವನಿಸುರುಳಿ ಬಿಡುಗಡೆಯ ವೇದಿಕೆಯಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಮಗನನ್ನು ಕೂಗಿ ಕರೆದ ದೃಶ್ಯ ಮೂರು ವರ್ಷಗಳ ಬಳಿಕ ಊರೆಲ್ಲ ಹರಿದಾಡಿತು. ಆಗ ಅವರು ರಾಜ್ಯದ ಮುಖ್ಯಮಂತ್ರಿ. ಮಗ ಅಭ್ಯರ್ಥಿ. ಫಲಿತಾಂಶ ಬಂದಾಗ ಸುಮಲತಾ ಅವರೆದುರು ನಿಖಿಲ್ 1,25,876 ಮತಗಳಿಂದ ಸೋತಿದ್ದರು. ಆ ಸೋಲಿಗೆ ಟ್ರೋಲ್ ಒಂದೇ ಕಾರಣ ಎನ್ನುವುದು ಮೂರ್ಖತನ. ಆದರೆ ಕುಟುಂಬ ರಾಜಕಾರಣದ ಬಗ್ಗೆ ಜನರ ಮನಸ್ಸಿನಲ್ಲಿದ್ದ ಅಸಹನೆಗೆ ಆ ಎರಡು ಪದಗಳು ಬಾಯಿಯಾದವು ಎಂಬುದರಲ್ಲಿ ಸಂಶಯವಿಲ್ಲ. ಅಧಿಕಾರದಲ್ಲಿದ್ದವರನ್ನು, ಅವರ ರಾಜಕೀಯ ನಡೆಗಾಗಿ, ಮತದಾರ ನಕ್ಕ. ಇದನ್ನು ಪ್ರಜಾಪ್ರಭುತ್ವ ಸಹಿಸಿಕೊಳ್ಳಬೇಕು. ಅದೇ ಚುನಾವಣೆಯ ಸಂದರ್ಭದಲ್ಲಿ, ಪತಿ ಅಂಬರೀಷ್ ತೀರಿಕೊಂಡು ಹೆಚ್ಚು ಕಾಲ ಕಳೆದಿಲ್ಲ, ಇಷ್ಟು ಬೇಗ ರಾಜಕೀಯ ಬೇಕಿತ್ತೇ ಎಂಬರ್ಥದ ಮಾತನ್ನು ಸುಮಲತಾರ ಕುರಿತು ಅಂದಿನ ಸಚಿವ ಎಚ್.ಡಿ. ರೇವಣ್ಣ ಆಡಿದರು ಮತ್ತು ವ್ಯಾಪಕ ಟೀಕೆಗೆ ಒಳಗಾದರು. ಎರಡನ್ನೂ ಜೊತೆಗಿಟ್ಟು ನೋಡಿ. ಒಂದರ ಗುರಿ ಅಧಿಕಾರ. ಇನ್ನೊಂದರ ಗುರಿ ವೈಧವ್ಯ. ಎರಡಕ್ಕೂ ಒಂದೇ ಪದವನ್ನು ಬಳಸುವ ಭಾಷೆ ನ್ಯಾಯ ಅನ್ಯಾಯಗಳ ನಡುವಿನ ವ್ಯತ್ಯಾಸವನ್ನೇ ಮರೆಸುತ್ತದೆ.

ಅಡ್ಡಹೆಸರಿನ ವಿಷಯಕ್ಕೆ ಬಂದರೆ, ಕನ್ನಡ ಸಮಾಜ ಕಳೆದೊಂದು ದಶಕದಲ್ಲಿ ಭಾರೀ ಬೆಲೆಯನ್ನೇ ತೆತ್ತಿದೆ. ಬುದ್ಧಿಜೀವಿ ಎಂಬುದು ಗೌರವದ ಪದವಾಗಿತ್ತು. ಅದನ್ನು ‘ಲದ್ದಿಜೀವಿ’ ಎಂದು ತಿರುಚಲಾಯಿತು. ಪ್ರಭುತ್ವವನ್ನು ಪ್ರಶ್ನಿಸುವ ಲೇಖಕರು ‘ಗಂಜಿ ಗಿರಾಕಿ’ಗಳಾದರು. ಮೋದಿ ಪ್ರಧಾನಿಯಾದ ದೇಶದಲ್ಲಿ ತಾನಿರಲಾರೆ ಎಂದ ಯು.ಆರ್. ಅನಂತಮೂರ್ತಿಯವರನ್ನು ಅವರ ಇಳಿವಯಸ್ಸು, ಅನಾರೋಗ್ಯಗಳನ್ನೂ ಲೆಕ್ಕಿಸದೆ ಗೇಲಿ ಮಾಡಲಾಯಿತು. 2014ರ ಆಗಸ್ಟ್ 22ರಂದು ಅವರು ತೀರಿಕೊಂಡಾಗ ಮಂಗಳೂರು ಮತ್ತು ಚಿಕ್ಕಮಗಳೂರುಗಳಲ್ಲಿ ಪಟಾಕಿ ಸಿಡಿಸಿದವರಿದ್ದರು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಮನೆಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಆ ಸಾವುಗಳನ್ನೂ ನಗುವಿನ ವಸ್ತುವಾಗಿಸಿದವರು ಸಾಮಾಜಿಕ ಜಾಲತಾಣಗಳಲ್ಲಿದ್ದರು. ಟ್ರೋಲ್‌ಗಳೇ ಗುಂಡು ಹಾರಿಸಿದವು ಎಂದು ನಾವು ಹೇಳುವುದಿಲ್ಲ. ಆದರೆ ಮನುಷ್ಯನೊಬ್ಬ ಕೊಲೆಯಾದಾಗ ಮರುಗಬೇಕಾದ ಸಮಾಜದ ಒಂದು ಭಾಗ ನಕ್ಕಿತಲ್ಲ, ಆ ನಗುವಿನ ತರಬೇತಿ ಎಲ್ಲಿ ನಡೆದಿತ್ತು ಎಂದು ಪ್ರಶ್ನಿಸದೆ ಇರುವುದು ಹೇಗೆ?

ಮುಸ್ಲಿಮ್ ಮಹಿಳೆಯರ ವಿಷಯದಲ್ಲಿ ಈ ತರಬೇತಿಯ ಫಲ ಇನ್ನಷ್ಟು ನಿರ್ಲಜ್ಜವಾಗಿ ಪ್ರಕಟವಾಯಿತು. 2021ರ ಜುಲೈಯಲ್ಲಿ ಒಂದು, 2022ರ ಜನವರಿ 1ರಂದು ಇನ್ನೊಂದು- ಹೀಗೆ ಎರಡು ಆ್ಯಪ್‌ಗಳಲ್ಲಿ ಪತ್ರಕರ್ತೆಯರೂ ಹೋರಾಟಗಾರ್ತಿಯರೂ ಸೇರಿದಂತೆ ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ‘ಹರಾಜಿ’ಗಿಡಲಾಯಿತು. ‘ಬುಲ್ಲಿ ಬಾಯಿ’ ಎಂಬ ಎರಡನೇ ಆ್ಯಪ್‌ನ ಪ್ರಕರಣದಲ್ಲಿ ಮುಂಬೈ ಪೊಲೀಸರು ಮೊದಲಿಗೆ ವಶಕ್ಕೆ ಪಡೆದದ್ದು ಬೆಂಗಳೂರಿನಲ್ಲಿದ್ದ 21ರ ಹರೆಯದ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು. ಬಂಧಿತರಲ್ಲಿ 18ರ ಹರೆಯದ ಯುವತಿಯೂ ಇದ್ದಳು. ಅದೇ ವರ್ಷದ ಫೆಬ್ರವರಿಯಲ್ಲಿ, ಹಿಜಾಬ್ ವಿವಾದ ಕಾವೇರಿದ್ದಾಗ, ಉಡುಪಿಯ ವಿದ್ಯಾರ್ಥಿನಿಯರ ಫೋನ್ ಸಂಖ್ಯೆ, ವಿಳಾಸಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ ಹೆತ್ತವರು ಪೊಲೀಸರ ಮೊರೆ ಹೋಗಬೇಕಾಯಿತು. ಇವೆಲ್ಲವನ್ನೂ ಪ್ರಶ್ನಿಸಿದರೆ ಸಿಗುವ ಉತ್ತರ ಒಂದೇ: ‘ಅದು ಬರೀ ಟ್ರೋಲ್, ಅಷ್ಟು ಸೀರಿಯಸ್ ಆಗಬೇಡಿ.’

ಆದರೆ ಬೆರಳನ್ನು ಹೊರಕ್ಕೆ ಮಾತ್ರ ಚಾಚಿ ಕುಳಿತುಕೊಳ್ಳುವುದು ಈ ಲೇಖನದ ಉದ್ದೇಶವಲ್ಲ. ನಾವು ಬಲಿಪಶುಗಳು ಹೌದು. ಹಾಗಂತ ನಾವು ಬೇಟೆಗಾರರೇ ಅಲ್ಲ ಎಂದು ಎದೆ ಮುಟ್ಟಿ ಹೇಳುವ ಸ್ಥಿತಿಯಲ್ಲಿ ನಮ್ಮ ಸಮುದಾಯ ಇದೆಯೇ?

2019ರ ಡಿಸೆಂಬರ್ ತಿಂಗಳನ್ನು ನೆನಪಿಸಿಕೊಳ್ಳಿ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ದೇಶ ಕುದಿಯುತ್ತಿತ್ತು. ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸರ ಗೋಲಿಬಾರಿಗೆ ಇಬ್ಬರು ಬಲಿಯಾದರು. ಅದೇ ದಿನಗಳಲ್ಲಿ ಸೌದಿ ಅರೇಬಿಯಾದಲ್ಲಿ ದುಡಿಯುತ್ತಿದ್ದ ಉಡುಪಿ ಜಿಲ್ಲೆಯ ವ್ಯಕ್ತಿಯೊಬ್ಬರು ಕಾಯ್ದೆಯನ್ನು ಬೆಂಬಲಿಸಿ ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡದ್ದು ವಿವಾದವಾಯಿತು. ಅವರು ಕ್ಷಮೆ ಯಾಚಿಸಿದರು. ಆದರೆ ಅವರದೇ ಹೆಸರಿನಲ್ಲಿ ಇನ್ನೊಂದು ಖಾತೆ ಹುಟ್ಟಿಕೊಂಡಿತು. ಅದರಲ್ಲಿ ಸೌದಿಯ ಯುವರಾಜನನ್ನೂ ಮಕ್ಕಾವನ್ನೂ ನಿಂದಿಸುವ ಬರಹಗಳು ಪ್ರಕಟವಾದವು. ಅವರು ಜೈಲು ಸೇರಿದರು. ಊರಿನಲ್ಲಿ ಪತ್ನಿ ಪೊಲೀಸರ ಬಾಗಿಲು ತಟ್ಟಿದರು. 2020ರ ಅಕ್ಟೋಬರ್‌ನಲ್ಲಿ, ನಕಲಿ ಖಾತೆ ಸೃಷ್ಟಿಸಿದ ಆರೋಪದಲ್ಲಿ ಉಡುಪಿ ಪೊಲೀಸರು ದಕ್ಷಿಣ ಕನ್ನಡದ ಇಬ್ಬರು ಸಹೋದರರನ್ನು ಬಂಧಿಸಿದರು. ಇಬ್ಬರೂ ನಮ್ಮ ಸಮುದಾಯದವರು. ಆ ವ್ಯಕ್ತಿ ತಾಯ್ನಾಡಿಗೆ ಮರಳಿದ್ದು 2021ರ ಆಗಸ್ಟ್‌ನಲ್ಲಿ. ಆರೋಪ ನಿಜವಾದರೆ, ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೇನಿದೆ? ತಮ್ಮ ಸಮುದಾಯವನ್ನು ನೋಯಿಸಿದವನಿಗೆ ಪಾಠ ಕಲಿಸಲಿಕ್ಕಾಗಿ, ತಾವು ದಿನಕ್ಕೆ ಐದು ಹೊತ್ತು ಯಾವ ದಿಕ್ಕಿಗೆ ಮುಖ ಮಾಡುತ್ತೇವೋ ಆ ಮಕ್ಕಾವನ್ನು ತಮ್ಮದೇ ಕೈಯಿಂದ ನಿಂದಿಸುವುದು!

ಇಂಥದ್ದೇ ಇನ್ನೊಂದು ಪ್ರಕರಣದಲ್ಲಿ, ನಕಲಿ ಖಾತೆಯ ಬರಹಕ್ಕಾಗಿ ಮಂಗಳೂರಿನ ಇನ್ನೋರ್ವ ಉದ್ಯೋಗಿ ಸೌದಿ ಜೈಲು ಸೇರಿದರು. ತನ್ನ ಪತಿ ಅಮಾಯಕ ಎಂದು ಪತ್ನಿ ಕರ್ನಾಟಕ ಹೈಕೋರ್ಟಿಗೆ ಹೋದರು. ತನಿಖೆಗೆ ಸಹಕರಿಸದಿದ್ದರೆ ಭಾರತದಲ್ಲಿ ಫೇಸ್‌ಬುಕ್ಕಿನ ಚಟುವಟಿಕೆಯನ್ನೇ ಸ್ಥಗಿತಗೊಳಿಸಲು ಆದೇಶಿಸಬೇಕಾದೀತು ಎಂದು 2023ರ ಜೂನ್‌ನಲ್ಲಿ ನ್ಯಾಯಾಲಯ ಎಚ್ಚರಿಸಿತು. ಗಲ್ಫ್‌ನಲ್ಲಿ ದುಡಿಯುವ ಗಂಡನಿಗಾಗಿ, ಮಗನಿಗಾಗಿ ಕಾಯುವುದೆಂದರೆ ಏನೆಂದು ನಮ್ಮ ಮನೆಗಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಆ ಮಹಿಳೆಯರ ಕಣ್ಣೀರು ನಮಗೆ ಅರ್ಥವಾಗದಿದ್ದರೆ ಇನ್ನಾರಿಗೆ ಅರ್ಥವಾಗಬೇಕು?

ಬಾನು ಮುಷ್ತಾಕ್ ಅವರ ಅನುಭವವೂ ಇಲ್ಲಿ ಸ್ಮರಣೀಯ. 2025ರ ಮೇ ತಿಂಗಳಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಕತೆಗಳಿಗೆ ಮೊದಲ ಬಾರಿಗೆ ಸಂದ ಗೌರವ ಅದು. ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಸರಕಾರ ಆಹ್ವಾನಿಸಿದ ತಕ್ಷಣ 2023ರ ಜನಸಾಹಿತ್ಯ ಸಮ್ಮೇಳನದ ಅವರ ಭಾಷಣದ ತುಣುಕನ್ನು ಹೊರತೆಗೆದು ಗಾಳಕ್ಕೆ ಸಿಕ್ಕಿಸಲಾಯಿತು. ಹೈಕೋರ್ಟು, ಬಳಿಕ ಸುಪ್ರೀಮ್ ಕೋರ್ಟು ಆಕ್ಷೇಪಗಳನ್ನು ತಳ್ಳಿಹಾಕಿದ ಮೇಲೆ ಸೆಪ್ಟೆಂಬರ್ 22ರಂದು ಅವರು ದಸರಾ ಉದ್ಘಾಟಿಸಿದರು. ಆ ಟ್ರೋಲ್‌ಗಳ ವಿರುದ್ಧ ನಾವೆಲ್ಲ ಧ್ವನಿಯೆತ್ತಿದೆವು. ಸರಿಯಾಗಿಯೇ ಎತ್ತಿದೆವು. ಆದರೆ 2000ನೇ ಇಸವಿಯಲ್ಲಿ, ಮಹಿಳೆಯರಿಗೂ ಮಸೀದಿ ಪ್ರವೇಶದ ಹಕ್ಕಿದೆ ಎಂದ ಇದೇ ಮಹಿಳೆಗೆ ಸಾಮಾಜಿಕ ಬಹಿಷ್ಕಾರ ವಿಧಿಸಿದ್ದು ಯಾರು? ಭಿನ್ನಾಭಿಪ್ರಾಯವನ್ನು ವಾದದಿಂದ ಎದುರಿಸುವ ಬದಲು ವ್ಯಕ್ತಿಯನ್ನೇ ಹೊರತಳ್ಳುವ ರೋಗ ಇಂಟರ್ನೆಟ್ಟಿನೊಂದಿಗೆ ಹುಟ್ಟಿದ್ದಲ್ಲ. ಅದಕ್ಕೆ ಈಗ ಒಂದು ಹೊಸ ಹೆಸರು ಸಿಕ್ಕಿದೆ, ಅಷ್ಟೇ.

2022ರ ಡಿಸೆಂಬರ್‌ನಲ್ಲಿ ಮಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರ ವೇದಿಕೆಯಲ್ಲಿ ಹುಡುಗರು ಬುರ್ಖಾ ತೊಟ್ಟು ಸಿನಿಮಾ ಹಾಡಿಗೆ ಕುಣಿದರು. ವೀಡಿಯೊ ಕಂಡು ನಮ್ಮವರು ಕೆರಳಿದರು. ಕಾಲೇಜು ನಾಲ್ವರನ್ನು ಅಮಾನತುಗೊಳಿಸಿತು. ಆ ನಾಲ್ವರೂ ಮುಸ್ಲಿಮ್ ವಿದ್ಯಾರ್ಥಿಗಳೇ ಎಂದು ಬಳಿಕ ತಿಳಿಯಿತು. ಆ ವರ್ಷವಿಡೀ ತಮ್ಮ ಸಹೋದರಿಯರು ಯಾವ ಉಡುಪಿಗಾಗಿ ತರಗತಿ, ಪರೀಕ್ಷೆಗಳನ್ನು ಕಳಕೊಂಡರೋ ಅದೇ ಉಡುಪು ಇವರಿಗೆ ನಗೆಯ ಸರಕಾಗಿ ಕಂಡಿತ್ತು. ಇವರು ದುಷ್ಟರೆಂದು ನಾವು ಭಾವಿಸುವುದಿಲ್ಲ. ಯಾವುದನ್ನು ಕಂಡು ನಗಬೇಕು, ಯಾವುದನ್ನು ಕಂಡು ನಗಬಾರದು ಎಂಬ ಶಿಕ್ಷಣ ಅವರಿಗೆ ಮನೆಯಲ್ಲೂ ಮದ್ರಸದಲ್ಲೂ ಸಿಕ್ಕಿಲ್ಲ ಎಂದಷ್ಟೇ ಇದರರ್ಥ.

ಸಂಘಟನೆಗಳ ವಿಷಯವನ್ನಂತೂ ಹೇಳದಿರುವುದೇ ಒಳಿತು. ಒಂದು ಬಣದ ಉಸ್ತಾದರ ಎರಡು ಗಂಟೆಯ ಪ್ರವಚನದಿಂದ ಮೂವತ್ತು ಸೆಕೆಂಡನ್ನು ಕತ್ತರಿಸಿ, ಮಲಯಾಳಂ ಸಿನಿಮಾದ ಹಾಸ್ಯನಟನ ಮುಖ ಅಂಟಿಸಿ, ಹಿನ್ನೆಲೆ ಸಂಗೀತ ಸೇರಿಸಿ ಇನ್ನೊಂದು ಬಣದವರು ಹಂಚುತ್ತಾರೆ. ಅವರೂ ಸುಮ್ಮನಿರುವುದಿಲ್ಲ. ಸಂಗೀತ ಕೇಳುವುದು ಹರಾಮ್ ಎಂದು ವಾದಿಸುವವರೂ ಇಂಥ ವೀಡಿಯೊದ ಸಂಗೀತಕ್ಕೆ ರಿಯಾಯಿತಿ ಕೊಡುತ್ತಾರೆ! ಒಬ್ಬರು ಇನ್ನೊಬ್ಬರಿಗೆ ಅಂಟಿಸಿರುವ ಅಡ್ಡಹೆಸರುಗಳ ಪಟ್ಟಿ ಮಾಡಿದರೆ ಒಂದು ನಿಘಂಟೇ ಆದೀತು. ‘ಬ್ಯಾರಿ’ ಎಂಬ ಪದವನ್ನು ಇತರರು ಹೀನಾರ್ಥದಲ್ಲಿ ಬಳಸಿದಾಗ ನಮ್ಮ ಹಿರಿಯರಿಗೆ ನೋವಾಗುತ್ತಿತ್ತು. ಸಾಹಿತ್ಯ, ಭಾಷೆ, ಸಂಶೋಧನೆಗಳಲ್ಲಿ ದುಡಿದು ಅವರು ಆ ಪದಕ್ಕೆ ಗೌರವ ತಂದುಕೊಟ್ಟ ಫಲವಾಗಿ 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಅಸ್ತಿತ್ವಕ್ಕೆ ಬಂತು. ಅಡ್ಡಹೆಸರಿನ ನೋವನ್ನು ಉಂಡ ಸಮುದಾಯವೇ ಅದನ್ನು ಇನ್ನೊಬ್ಬರಿಗೆ ಉಣಿಸುವುದು ಯಾವ ನ್ಯಾಯ?

ಹಾಗಾದರೆ ಪರಿಹಾರವೇನು? ಕಠಿಣ ಕಾನೂನು ಎಂಬುದು ಥಟ್ಟನೆ ಹೊಳೆಯುವ ಉತ್ತರ. ಆದರೆ ಈ ಉತ್ತರದ ಬಗ್ಗೆ ನಾವು ಎಚ್ಚರಿಕೆಯಿಂದಿರಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 66ಎ ಎಂಬ ಸೆಕ್ಷನ್ ಇತ್ತು. 2012ರಲ್ಲಿ ಮಮತಾ ಬ್ಯಾನರ್ಜಿಯವರ ವ್ಯಂಗ್ಯಚಿತ್ರ ಹಂಚಿದ್ದಕ್ಕಾಗಿ ಕೋಲ್ಕತಾದ ಪ್ರಾಧ್ಯಾಪಕರೊಬ್ಬರು ಬಂಧನಕ್ಕೊಳಗಾದರು. ಅದೇ ವರ್ಷ, ಬಾಳ ಠಾಕ್ರೆ ನಿಧನದ ಬಳಿಕದ ಬಂದ್ ಅನ್ನು ಪ್ರಶ್ನಿಸಿದ್ದಕ್ಕಾಗಿ ಮಹಾರಾಷ್ಟ್ರದ ಪಾಲ್ಘರ್‌ನ ಇಬ್ಬರು ಯುವತಿಯರು ಬಂಧಿಸಲ್ಪಟ್ಟರು. ಕೊನೆಗೆ 2015ರ ಮಾರ್ಚ್ 24ರಂದು ಸುಪ್ರೀಮ್ ಕೋರ್ಟ್ ಆ ಸೆಕ್ಷನನ್ನೇ ರದ್ದುಪಡಿಸಿತು. ಹಾಸ್ಯ ಕಲಾವಿದ ಮುನವ್ವರ್ ಫಾರೂಕಿ 2021ರ ಜನವರಿಯಲ್ಲಿ ಇಂದೋರಿನಲ್ಲಿ ಬಂಧಿತರಾಗಿ ಒಂದು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ಅದೇ ವರ್ಷದ ನವೆಂಬರ್ 28ರಂದು ನಡೆಯಬೇಕಿದ್ದ ಅವರ ಬೆಂಗಳೂರಿನ ಕಾರ್ಯಕ್ರಮ ಪೊಲೀಸರ ಸೂಚನೆಯಂತೆ ರದ್ದಾಯಿತು. ಇದು ಏನನ್ನು ಸೂಚಿಸುತ್ತದೆ? ನಗುವಿಗೆ ಬೇಲಿ ಹಾಕುವ ಅಧಿಕಾರವನ್ನು ಪ್ರಭುತ್ವಕ್ಕೆ ಕೊಟ್ಟರೆ, ಬೇಲಿಯ ಮೊದಲ ಮುಳ್ಳು ದುರ್ಬಲರಿಗೇ ಚುಚ್ಚುತ್ತದೆ. ನಕಲಿ ಖಾತೆ, ಬೆದರಿಕೆ, ಫೋಟೋ ದುರುಪಯೋಗ- ಇವು ಅಪರಾಧಗಳು. ಅವಕ್ಕೆ ಕಾನೂನು ಬೇಕು, ಇರುವ ಕಾನೂನು ಎಲ್ಲರಿಗೂ ಸಮಾನವಾಗಿ ಅನ್ವಯವಾಗಬೇಕು. ಆದರೆ ಅಪಹಾಸ್ಯದ ಚಟಕ್ಕೆ ಮದ್ದು ಪೊಲೀಸ್ ಠಾಣೆಯಲ್ಲಿಲ್ಲ. ಅದು ನಮ್ಮ ಮನೆಯೊಳಗಿದೆ.

ಮೊಬೈಲಿಗೆ ಬಂದ ಒಂದು ಟ್ರೋಲನ್ನು ಮುಂದಕ್ಕೆ ಕಳುಹಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ರೂಢಿಯನ್ನು ನಾವು ಬೆಳೆಸಿಕೊಳ್ಳಬಹುದು. ಒಂದು, ಇದು ನಗುತ್ತಿರುವುದು ಬಲಿಷ್ಠರನ್ನೋ ದುರ್ಬಲರನ್ನೋ? ಎರಡು, ಇದು ಗೇಲಿ ಮಾಡುತ್ತಿರುವುದು ಒಬ್ಬರ ಕೃತ್ಯವನ್ನೋ ಅಥವಾ ದೇಹ, ಜಾತಿ, ಉಡುಪು, ಭಾಷೆ, ವೈಧವ್ಯಗಳಂಥವನ್ನೋ? ಮೂರು, ಇದರ ಕೆಳಗೆ ನಮ್ಮ ಹೆಸರು ಮತ್ತು ನಮ್ಮ ತಂದೆಯ ಹೆಸರನ್ನು ಬರೆದು ಕಳುಹಿಸುವ ಧೈರ್ಯ ನಮಗಿದೆಯೇ? ಸಚಿವರ ಹುಸಿ ಭರವಸೆಯನ್ನು ನಕ್ಕ ಬರಹ ಈ ಮೂರನ್ನೂ ದಾಟಬಹುದು. ನೆರೆಮನೆಯ ಹುಡುಗಿಯ ಫೋಟೋ ದಾಟಲಾರದು. ಜುಮಾ ಭಾಷಣಗಳಲ್ಲಿ, ಮದ್ರಸದ ತರಗತಿಗಳಲ್ಲಿ, ಮಹಲ್ಲಿನ ಹೆತ್ತವರ ಸಭೆಗಳಲ್ಲಿ ಈ ವಿಷಯ ಚರ್ಚೆಗೆ ಬರಬೇಕು. ವುಝೂವಿನ ನಿಯಮಗಳನ್ನು ಮುತುವರ್ಜಿಯಿಂದ ಕಲಿಸುವ ನಾವು ಬೆರಳ ತುದಿಯ ಶುದ್ಧಿಯನ್ನೂ ಕಲಿಸಬೇಕಾದ ಕಾಲವಿದು.

ಇನ್ನು ಮಕ್ಕಳೊಂದಿಗೆ ಮಾತಾಡುವಾಗ ತಂದೆ ತಾಯಂದಿರು ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ‘ಇವತ್ತು ನಮ್ಮ ಟೀಚರನ್ನು ಟ್ರೋಲ್ ಮಾಡಿದೆವು’ ಎಂದು ಮಗ ಹೇಳಿದರೆ ಗದರಬೇಡಿ. ಆ ಇಂಗ್ಲಿಷ್ ಪದವನ್ನು ತೆಗೆದು ನಮ್ಮದೇ ಪದವನ್ನು ಇಟ್ಟು ಅದೇ ವಾಕ್ಯವನ್ನು ಇನ್ನೊಮ್ಮೆ ಹೇಳುವಂತೆ ಅವನಲ್ಲಿ ಕೇಳಿಕೊಳ್ಳಿ. ‘ಇವತ್ತು ನಮ್ಮ ಟೀಚರನ್ನು ಎಲ್ಲರೂ ಸೇರಿ ಅಪಹಾಸ್ಯ ಮಾಡಿದೆವು.’ ಅಷ್ಟು ಹೇಳುವಾಗ ಅವನ ಧ್ವನಿ ತುಸು ತಗ್ಗಿದರೆ ಸಾಕು, ಆತ ಕಲಿಯಬೇಕಾದುದನ್ನು ಕಲಿತಿದ್ದಾನೆ ಎಂದರ್ಥ.